ಫೋಟೋಗಾಗಿ ತೆರೆದಿಟ್ಟ ಇಂಗುಗುಂಡಿ

ಮಳೆನೀರು ಸಂಗ್ರಹದ ನಿಯಮಗಳನ್ನು ಜಾರಿ ಮಾಡುವ ಮಾನ್ಯ ಅಧಿಕಾರಿಗಳೇ,

ನಾನು ಈ ಬೀದಿಯ ಕೊನೆಯ ಮನೆಯ ಯಜಮಾನಿ. ಓದಿದ್ದು ಹೈಸ್ಕೂಲಿನವರೆಗೆ. ನಲವತ್ತೆರಡು ವರ್ಷ ಮನೆ ನಡೆಸಿದ್ದೇನೆ. ಬೀದಿಯಲ್ಲಿ ನನ್ನ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ. ನಿಮ್ಮ ನಿಯಮದಂತೆ ತೋಡಿಸಿದ ಗುಂಡಿಗೆ ಬಿದ್ದು ನನ್ನ ಯಜಮಾನರು ತೀರಿಕೊಂಡರು. ಅದಕ್ಕೇ ಈ ಪತ್ರ.

ಮಳೆನೀರು ಹಿಡಿಯುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ನಿಮ್ಮ ಕಚೇರಿ ಹುಟ್ಟುವ ಮೊದಲೇ ನಮ್ಮ ಸೂರಿನ ನೀರು ತೊಟ್ಟಿಗೆ ಬೀಳುತ್ತಿತ್ತು. ತೊಟ್ಟಿ ಲೆಕ್ಕಕ್ಕಿಲ್ಲ, ಹತ್ತಡಿಯ ಇಂಗುಗುಂಡಿಯೇ ಬೇಕು, ಇಲ್ಲದಿದ್ದರೆ ನಲ್ಲಿ ಸಂಪರ್ಕ ಕಡಿತ ಎಂದಿರಿ. ತೋಡಿಸಿದೆ. ನಿಮ್ಮವರು ಬಂದು ತಳದ ಜಲ್ಲಿ ಕಾಣುವಂತೆ ಫೋಟೋ ತೆಗೆಯುವವರೆಗೆ ಚಪ್ಪಡಿ ಮುಚ್ಚಬಾರದು ಎಂದಿರಿ. ಮುಚ್ಚಲಿಲ್ಲ. ಐದು ವಾರ ಕಾದೆವು. ನೆಲದಲ್ಲಿ ನೀರು ಇಂಗುವುದಕ್ಕಿಂತ ಬೇಗ ನಿಮ್ಮ ಕಚೇರಿಯಲ್ಲಿ ಅರ್ಜಿ ಇಂಗುತ್ತದೆ ಎಂದು ಆಗ ತಿಳಿಯಿತು.

ನನ್ನ ಯಜಮಾನರು ಗಡಿಯಾರ ರಿಪೇರಿ ಮಾಡುತ್ತಿದ್ದವರು. ಸಣ್ಣ ಮುಳ್ಳುಗಳನ್ನು ನೋಡಿ ನೋಡಿ ಕಣ್ಣು ಸವೆದು, ಈಚೆಗೆ ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಬಾಗಿಲಿನಿಂದ ನಲ್ಲಿಗೆ ಹನ್ನೊಂದು ಹೆಜ್ಜೆ. ಬಾಯಲ್ಲಿ ಎಣಿಸಿಕೊಂಡೇ ಹೋಗುತ್ತಿದ್ದರು. ಕೈ ಹಿಡಿಯಲು ಹೋದರೆ, "ಬಿಡೇ, ಈ ಅಂಗಳ ನನ್ನ ಕಾಲಿಗೆ ಬಾಯಿಪಾಠ. ನೀನೇ ಎಡವಿಬಿಟ್ಟೀಯ, ಜೋಕೆ" ಎಂದು ನಗುತ್ತಿದ್ದರು. ನಿಮ್ಮ ನಕ್ಷೆಯ ಪ್ರಕಾರ ಗುಂಡಿ ಬಂದದ್ದು ಏಳನೆಯ ಹೆಜ್ಜೆಗೆ. ಮಗ ಅದರ ಮೇಲೆ ದಪ್ಪ ಹಲಗೆಗಳನ್ನು ಹಾಸಿದ. ಯಜಮಾನರು ಅವುಗಳ ಮೇಲೇ ನಡೆದು ರೂಢಿ ಮಾಡಿಕೊಂಡರು.

ಒಂದು ಬೆಳಿಗ್ಗೆ ನಿಮ್ಮ ಕಚೇರಿಯಿಂದ ಫೋನು. "ಇವತ್ತು ಬರ್ತೀವಿ. ಗುಂಡಿ ತೆರೆದಿಟ್ಟಿರಿ. ಮುಚ್ಚಿದ್ರೆ ಹಾಗೇ ವಾಪಸ್ ಹೋಗ್ತೀವಿ, ಆಮೇಲೆ ನಮ್ಮನ್ನ ಕೇಳ್ಬೇಡಿ."

ಸೊಸೆ ಅಂದಳು, "ಅತ್ತೆ, ಅವರು ಬಂದ್ಮೇಲೆ ತೆಗೆದ್ರಾಯ್ತಲ್ಲ. ಮಾವ ಓಡಾಡ್ತಿರ್ತಾರೆ."

"ಬಾಗಿಲಿಗೆ ಬಂದೋರನ್ನ ಕಾಯಿಸೋ ಅಭ್ಯಾಸ ನನಗಿಲ್ಲ" ಅಂದೆ. ಹಲಗೆಗಳನ್ನು ನಾನೇ ಎತ್ತಿ ಗೋಡೆಗೆ ಒರಗಿಸಿದೆ. ಯಜಮಾನರಿಗೂ ಹೇಳಿದೆ. ಸಂಜೆಯಾದರೂ ನಿಮ್ಮವರು ಬರಲಿಲ್ಲ. ನಾಳೆ ಬಂದಾರು ಎಂದು ಹಾಗೇ ಬಿಟ್ಟೆ. ಮರುದಿನ ಮಧ್ಯಾಹ್ನ ಊಟ ಮುಗಿಸಿ ಯಜಮಾನರು ಹಳೆಯ ರೂಢಿಯಲ್ಲೇ ಕೈ ತೊಳೆಯಲು ನಲ್ಲಿಯ ಕಡೆ ಹೊರಟರು. ಅಡುಗೆಮನೆಗೆ ಅವರ ಎಣಿಕೆ ಕೇಳಿಸುತ್ತಿತ್ತು. ಆರರವರೆಗೆ ಕೇಳಿಸಿತು.

ಹಲಗೆ ತೆಗೆದ ಕೈ ನನ್ನದು. ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ. ಆದರೆ ತೆಗೆಸಿದ್ದು ಯಾರು? ಒಂದು ಫೋಟೋಗಾಗಿ ಮನೆಮನೆಯ ಅಂಗಳದಲ್ಲಿ ಬಾಯಿ ತೆರೆದ ಗುಂಡಿ ಇಡಿಸುವುದು ಯಾವ ಜಾಣತನ? ಚಪ್ಪಡಿ ಎತ್ತಿ ನೋಡಿದರೆ ನಿಮ್ಮವರ ಕೈ ಸವೆದುಹೋಗುತ್ತದೆಯೇ?

ಹದಿನೆಂಟು ದಿನ ಕಳೆದು ಫೋಟೋದವನು ಬಂದ. "ಅಮ್ಮಾ, ಸ್ವಲ್ಪ ಆ ಕಡೆ ಸರೀರಿ, ನಿಮ್ಮ ನೆರಳು ಬೀಳ್ತಿದೆ" ಎಂದ. ಸರಿದೆ. ಪ್ರಮಾಣಪತ್ರವೂ ಬಂದಿದೆ, ಯಜಮಾನರ ಹೆಸರಿಗೆ. "ಗುಂಡಿಯ ಆಳ ತೃಪ್ತಿಕರ" ಎಂದು ಬರೆದಿದ್ದೀರಿ.

ಗುಂಡಿ ತೋಡಿದ ದಿನವೇ ಮುಚ್ಚಬೇಕು ಎಂದು ನಿಯಮ ತಿದ್ದಿ. ನಿಮ್ಮ ಉತ್ತರಕ್ಕಾಗಿ ನಾನು ಕಾಯುವುದಿಲ್ಲ, ಕಾದದ್ದು ಸಾಕಾಗಿದೆ. ನಮ್ಮ ಬೀದಿಯಲ್ಲಿ ಫೋಟೋಗೆ ಕಾಯುತ್ತಿದ್ದ ಗುಂಡಿಗಳು ಇನ್ನೂ ಒಂಬತ್ತಿದ್ದವು. ನಿನ್ನೆ ಗಾರೆಯವನನ್ನು ಕರೆದುಕೊಂಡು ಒಂದೊಂದು ಮನೆಗೂ ಹೋದೆ.

"ಅಮ್ಮಾ, ಆಫೀಸಿನೋರು ನಲ್ಲಿ ಕಿತ್ಕೊಂಡು ಹೋದ್ರೆ?" ಎಂದ.

"ಮೊದಲು ನನ್ನದು ಕೀಳಲಿ. ನೀನು ಚಪ್ಪಡಿ ಎತ್ತು" ಎಂದೆ.

ಒಂಬತ್ತನ್ನೂ ಮುಚ್ಚಿಸಿ, ಸಂದಿಗೆ ಗಾರೆ ಮೆತ್ತಿಸಿದ್ದೇನೆ.

ಇಂತಿ,
ನಿಮ್ಮ ನಿಯಮವನ್ನು ಅಕ್ಷರಶಃ ಪಾಲಿಸಿದ ಹೆಂಗಸು