ಕಲ್ಲಿನ ಕಟ್ಟೆಯ ಲೀಸ್

೧೪ ನವೆಂಬರ್, ಶುಕ್ರವಾರ

ಸಿಟ್ಟು ಇನ್ನೂ ಇಳಿದಿಲ್ಲ. ಮಲಪ್ರಭೆಯ ಹಿನ್ನೀರಿನ ದಂಡೆಯಲ್ಲಿ ಹಿಂದೆ ದೋಣಿಗಳಿಂದ ಕಲ್ಲು ಇಳಿಸುತ್ತಿದ್ದ ಪಂಚಾಯಿತಿಯ ಕಟ್ಟೆಯನ್ನು ಉದ್ಯಾನ ಮಾಡಲು ಕಂಪನಿಯೊಂದು ಲೀಸ್ ಕೇಳಿದೆ. ಟಿಕೆಟ್ ಇಲ್ಲದೆ ಯಾರೂ ನೀರಿಗೆ ಇಳಿಯುವಂತಿಲ್ಲ ಎಂಬುದು ಅವರ ಕರಾರು.

“ಅಧ್ಯಕ್ಷರ, ಸಹಿ ಮಾಡ್ರಿ. ಊರು ಉದ್ಧಾರ ಆಗತೈತಿ,” ಎಂದ ಇವತ್ತು ಪಂಚಾಯಿತಿಗೆ ಬಂದಿದ್ದ ಕಂಪನಿಯ ಮ್ಯಾನೇಜರ್.

“ಊರವರನ್ನ ಹೊರಗ ನಿಲ್ಲಿಸಿ ಎಂಥಾ ಉದ್ಧಾರರೀ? ಕಟ್ಟಿಯಿಂದ ನೀರಿಗಿಳಿಯೂ ಮೆಟ್ಟಲಾ ಎಲ್ಲಾರಿಗೂ ಪುಕ್ಕಟ ಇರಬೇಕು. ಇಲ್ಲಂದ್ರ ಲೀಸ್ ಇಲ್ಲ,” ಎಂದೆ.

ಪಕ್ಕದಲ್ಲಿದ್ದ ಸದಸ್ಯ ದುಂಡಪ್ಪ ಕಾಕಾ, “ಶೈಲಾ, ಇವರು ಹೋದ್ರ ಮತ್ತ ಯಾರೂ ಬರೂದಿಲ್ಲ ನೋಡವಾ,” ಎಂದು ಪಿಸುಗುಟ್ಟಿದರು. ನನಗೂ ಅದೇ ಭಯ. ಆದರೂ ಮಾತು ಬದಲಿಸಲಿಲ್ಲ. ಕಂಪನಿಯವರು ಎದ್ದೇ ಹೋದರು.

ಸಂಜೆ ಕಟ್ಟೆಗೆ ಹೋಗಿ ಕಾಲು ನೀರಿಗೆ ಬಿಟ್ಟು ಕುಳಿತೆ. ಬಟ್ಟೆ ಒಗೆಯುತ್ತಿದ್ದ ಕೆಂಚವ್ವ, “ಅತ್ತಾಗ ಸರಿಯವಾ, ನೀರು ಸಿಡೀತೈತಿ,” ಎಂದು ಗದರಿದಳು. ಸರಿದು ಕುಳಿತೆ. ಕಂಪನಿಯವರು ಮತ್ತೆ ಬಂದರೂ ನನ್ನದು ಇದೇ ಮಾತು. ಬರದಿದ್ದರೆ ನಾವೇ ಮುಳ್ಳುಕಂಟಿ ಕಡಿದು, ನಾಲ್ಕು ಬೆಂಚು ಹಾಕಿ ಉದ್ಯಾನ ಮಾಡಿಕೊಳ್ಳುತ್ತೇವೆ.