ಎರಡು ಬೆಡ್‌ಶೀಟಿಗೆ ಒಂದು ಕಾರು

ಮಂಗಳವಾರ, ಮಧ್ಯಾಹ್ನ
ಆಸ್ಪತ್ರೆಯ ಲಾಂಡ್ರಿಯಿಂದ

ನನ್ನ ಮುಂಗೋಪದ ಮಗಳಿಗೆ ಅಮ್ಮನ ತುಂಬು ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ಚೆನ್ನಾಗಿರುವುದೇನು, ಗೆದ್ದಿದ್ದೇನೆ! ನಿನ್ನೆ ನಗರಸಭೆಯಲ್ಲಿ ಕೈ ಎತ್ತಿಸಿ ಕೇಳಿದರಂತೆ. ಟ್ರಾಮ್ ಹಳಿ ಕಿತ್ತು ಕಾರುಗಳಿಗೆ ರಸ್ತೆ ಅಗಲ ಮಾಡುವ ಯೋಜನೆ ಬಿದ್ದುಹೋಯಿತು. ನೀನು ಅದೇ ಕಚೇರಿಯ ಇಂಜಿನಿಯರು, ನನಗಿಂತ ಮೊದಲೇ ನಿನಗೆ ಗೊತ್ತು. ಆದರೂ ನನ್ನ ಬಾಯಿಂದ ಹೇಳದಿದ್ದರೆ ತಿಂದದ್ದು ಅರಗುವುದಿಲ್ಲ.

ಮೂರು ತಿಂಗಳ ಹಿಂದೆ ನೀನು ಆ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿದ ದಿನ ನಾನು ಆಡಿದ್ದು ಕೆಟ್ಟ ಮಾತೇ. "ಅಮ್ಮನ ಹಳಿ ಕೀಳೋಕೆ ನಿನ್ನ ಓದಿಸಿದ್ನಾ?" ಅಂದೆ. "ಎಣಿಸಿದಾಗ ಟ್ರಾಮಲ್ಲಿ ಒಂಬತ್ತೇ ಜನ ಸಿಕ್ಕಿದ್ದಂತೆ. ಚೀಫ್ ಹೇಳಿದ್ದು ನಾನು ಬರೀಬೇಕಮ್ಮ," ಅಂದು ನೀನು ಬಟ್ಟೆಬರೆ ಕಟ್ಟಿಕೊಂಡು ಗೆಳತಿಯ ರೂಮಿಗೆ ಹೋದೆ. ನಾನು ತಡೆಯಲಿಲ್ಲ. ಬಾಗಿಲು ಹಾಕಿಕೊಂಡು ದೇವರ ಮುಂದೆ ಕೂತು ಅತ್ತೆ. ಅದು ನಿನಗೆ ಗೊತ್ತಿಲ್ಲ.

ಆರೂ ಹತ್ತರ ಮೊದಲ ಟ್ರಾಮು ನಿಂತರೆ ಆರೂವರೆಗೆ ಲಾಂಡ್ರಿಯ ಬಾಯ್ಲರ್ ಹಚ್ಚಲು ನಾನು ಹೇಗೆ ಬರಲಿ? ನನ್ನ ಹತ್ತಿರ ಕಾರಿದೆಯೆ? ದಿನಾ ಜೊತೆಗೆ ಟ್ರಾಮ್ ಹತ್ತುವ ನರ್ಸಮ್ಮನ ಹತ್ತಿರ? ಬ್ರೆಡ್ ಕಾರ್ಖಾನೆಯ ತಾತನ ಹತ್ತಿರ? ಇಪ್ಪತ್ತೆರಡು ವರ್ಷದ ಕೆಲಸ ಹಳಿಯ ಜೊತೆಗೇ ಕಿತ್ತುಹೋಗುತ್ತಿತ್ತು. ಅರ್ಜಿ ಕೊಟ್ಟೆವು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಹೋದ ವಾರ, ಲಾಂಡ್ರಿಯ ಹಿಂಬಾಗಿಲ ಮೊಳೆಗೆ ನೇತುಹಾಕಿದ್ದ ನನ್ನ ಚೀಲದೊಳಗೆ ಯಾರೋ ಪುಣ್ಯಾತ್ಮರು ಒಂದು ಕಾಗದ ಹಾಕಿ ಹೋದರು. ಟೈಪ್ ಮಾಡಿದ ಮೂರೇ ಸಾಲು. ಟ್ರಾಮಿನ ಜನರನ್ನು ಎಣಿಸಿದ್ದು ಹಗಲು ಹನ್ನೊಂದು ಗಂಟೆಗೆ. ಒಂದು ಕಾರು ನಿಲ್ಲಲು ಬೇಕಾದ ಉದ್ದ ಐದು ಮೀಟರ್. ಮೇಯರ್ ರಸ್ತೆ ನೋಡಲು ಬರುವುದು ಶನಿವಾರ ಬೆಳಿಗ್ಗೆ ಆರಕ್ಕೆ, ಸೇತುವೆ ಸ್ಟಾಪಿನ ಹತ್ತಿರ.

ಐದು ಮೀಟರ್ ಎಂದು ಓದಿದ ಕೂಡಲೇ ನನ್ನ ಕೈ ಲೆಕ್ಕ ಹಾಕಿತು. ನಮ್ಮ ಬೆಡ್‌ಶೀಟಿನ ಉದ್ದ ಎರಡೂವರೆ. ಎರಡನ್ನು ಉದ್ದಕ್ಕೆ ಜೋಡಿಸಿದರೆ ಒಂದು ಕಾರು! ಮೇಟ್ರನ್ ಅಮ್ಮನನ್ನು ಕೇಳಿ, ಹರಿದು ಚಿಂದಿಗೆ ಹಾಕಿದ್ದ ಬೆಡ್‌ಶೀಟುಗಳನ್ನೆಲ್ಲ ಶುಕ್ರವಾರ ಸಂಜೆ ಟ್ರಾಮಿನಲ್ಲೇ ಸೇತುವೆ ಸ್ಟಾಪಿಗೆ ಸಾಗಿಸಿದೆವು.

ಶನಿವಾರ ನೀನು ಆ ಕಡೆ ನಿಂತು ನೋಡಿದ್ದನ್ನು ಈ ಕಡೆಯಿಂದ ಹೇಳುತ್ತೇನೆ, ಕೇಳು. ಮೊದಲ ಟ್ರಾಮಿನ ಎಂಬತ್ತನಾಲ್ಕು ಜನರನ್ನು ರಸ್ತೆಯಲ್ಲಿ ಸಾಲಾಗಿ ಕೂರಿಸುವುದೆಂದರೆ ಕಪ್ಪೆ ತೂಗಿದ ಹಾಗೆ. ಒಬ್ಬೊಬ್ಬರಿಗೆ ಉದ್ದಕ್ಕೆ ಹಾಸಿದ ಎರಡೆರಡು ಬೆಡ್‌ಶೀಟು. ಸಾಲು ಸ್ಟಾಪಿನಿಂದ ಹೊರಟು ಸೇತುವೆ ದಾಟಿ ಪೆಟ್ರೋಲ್ ಬಂಕ್ ಮುಟ್ಟಿತು. ಬ್ರೆಡ್ ತಾತ ಬಾಯಲ್ಲೇ ಹಾರ್ನ್ ಹೊಡೆದ. "ಪೋಂ ಪೋಂ! ನಡಿಯಮ್ಮ ನರ್ಸು, ಸಿಗ್ನಲ್ ಬಿಟ್ಟಿದೆ!" ನರ್ಸಮ್ಮ ಬಿಡುತ್ತಾಳೆಯೆ? "ನಿಮ್ಮ ಕಾರಿಗೆ ತೂತು ಬಿದ್ದಿದೆ ತಾತ, ಮೊದಲು ಹೊಲಿಸ್ಕೊಳ್ಳಿ!"

ಅಷ್ಟರಲ್ಲಿ ಮೇಯರ್ ಇಳಿದು ಬಂದರು. "ಏನಮ್ಮಾ, ನಡುರಸ್ತೇಲಿ ಬಟ್ಟೆ ಒಣಗಿಸ್ತಾ ಇದೀರಾ?"

ಮನಸ್ಸಿನಲ್ಲೇ ದೇವರಿಗೆ ಕೈಮುಗಿದು ಹೇಳಿದೆ. "ಇಲ್ಲ ಸ್ವಾಮಿ, ಕಾರು ನಿಲ್ಲಿಸಿದೀವಿ. ಆರೂ ಹತ್ತರ ಟ್ರಾಮಿನವರು ನಾವು. ನೀವು ಹಳಿ ಕಿತ್ತ ಮೇಲೆ ಹಿಂಗೇ ಬರ್ತೀವಿ, ಒಬ್ಬೊಬ್ರು ಒಂದೊಂದು ಕಾರಲ್ಲಿ. ಸಾಲಿನ ಕೊನೆ ಎಲ್ಲಿದೆ ಅಂತ ನಡೆದು ನೋಡಿ."

ಪಾಪ, ನಡೆದರು. ಬಂಕಿನವರೆಗೆ ಹೋಗಿ ಏದುಸಿರು ಬಿಡುತ್ತ ಬಂದರು. ನೀನು ಫೈಲು ಎದೆಗೊತ್ತಿಕೊಂಡು ಚೀಫ್ ಸಾಹೇಬರ ಬೆನ್ನ ಹಿಂದೆ ನಿಂತಿದ್ದೆ. ನಾನು ನಿನ್ನ ಕಡೆ ತಿರುಗಿಯೂ ನೋಡಲಿಲ್ಲ.

ಟ್ರಾಮಿನ ಗಂಟೆ ಕೇಳಿಸಿತು. ನಾನು ಚಪ್ಪಾಳೆ ತಟ್ಟಿದೆ. ನಾನು ಕಲಿಸಿದ್ದಂತೆ ಎಲ್ಲರೂ ಬೆಡ್‌ಶೀಟ್ ಮಡಿಸಿ ಕಂಕುಳಿಗೆ ಸಿಕ್ಕಿಸಿ ಹತ್ತಿದರು. ಎಂಬತ್ತನಾಲ್ಕು ಕಾರು ಒಂದೇ ಟ್ರಾಮಿನ ಹೊಟ್ಟೆಗೆ! ಖಾಲಿ ರಸ್ತೆಯಲ್ಲಿ ಉಳಿದದ್ದು ಮೇಯರ್ ಕಾರೊಂದೇ. ಕಿಟಕಿಯ ಹತ್ತಿರವಿದ್ದ ನನಗೆ ಅವರ ಮಾತು ಸ್ಪಷ್ಟವಾಗಿ ಕೇಳಿಸಿತು. "ಇವರನ್ನ ಯಾವಾಗ್ರೀ ಎಣಿಸಿದ್ದು?" ಚೀಫ್ ಸಾಹೇಬರು ಹನ್ನೊಂದಕ್ಕೆ ಎಂದು ತೊದಲಿದರು. "ಹನ್ನೊಂದಕ್ಕೆ ಎಣಿಸಿದ್ರೆ ಸೀಟು ಸಿಗ್ತವೆ, ಜನ ಸಿಗ್ತಾರೇನ್ರಿ?"

ಟ್ರಾಮೆಲ್ಲ ಕೇಕೆ ಹಾಕಿತು. ಡ್ರೈವರ್ ಅಣ್ಣ ಮುಂದಿನ ಸ್ಟಾಪಿನವರೆಗೂ ಗಂಟೆ ಬಾರಿಸುತ್ತಲೇ ಹೋದ. ಈಗ ಹಳಿ ಉಳಿಯಿತು, ಸಾಲದ್ದಕ್ಕೆ ಮೊದಲ ಟ್ರಾಮಿಗೆ ಇನ್ನೊಂದು ಬೋಗಿಯನ್ನೂ ಸೇರಿಸುತ್ತಾರಂತೆ. ಕೇಳಿದ್ದಕ್ಕಿಂತ ಹೆಚ್ಚು ಕೊಡುವುದು ದೇವರ ಅಭ್ಯಾಸ.

ನಿನ್ನ ಕೋಣೆ ಗುಡಿಸಿ ಇಟ್ಟಿದ್ದೇನೆ. ಭಾನುವಾರ ಬಾ. ಟ್ರಾಮಿನಲ್ಲೇ ಬಾ.

ಇಂತಿ, ಗೆದ್ದ ಜಂಬದಲ್ಲಿರುವ
ನಿನ್ನ ಅಮ್ಮ

ತಾ.ಕ.: ಕೈಬರಹ ಸಿಗಬಾರದೆಂದು ಟೈಪ್ ಮಾಡಿದ್ದು ಜಾಣತನವೇ. ಆದರೆ ಆ ಕಾಗದ ಉದ್ದಕ್ಕೆ ಮೂರು ಮಡಿಕೆ, ಅಡ್ಡಕ್ಕೆ ಎರಡು, ಕೊನೆಯ ಅಂಚು ಒಳಕ್ಕೆ ಸಿಕ್ಕಿಸಿ ಬಂದಿತ್ತು. ನಗರಸಭೆಯ ಕಚೇರಿಯಲ್ಲಿ ಹಾಗೆ ಮಡಿಸಲು ಬರುವುದು, ಶಾಲೆ ಬಿಟ್ಟ ಮೇಲೆ ಲಾಂಡ್ರಿಯ ಮೇಜಿನ ಕೆಳಗೆ ಕೂತು ದಿಂಬಿನ ಚೀಲ ಮಡಿಸುತ್ತಿದ್ದ ಒಬ್ಬಳಿಗೇ. ಶನಿವಾರ ನಿನ್ನ ಮುಖ ನೋಡದಿದ್ದದ್ದು ಕೋಪಕ್ಕಲ್ಲ ಬಂಗಾರ. ನೋಡಿದ್ದರೆ ನಕ್ಕುಬಿಡುತ್ತಿದ್ದೆ, ಚೀಫ್ ಪಕ್ಕದಲ್ಲೇ ಇದ್ದರು. ಕಾಗದವನ್ನು ಅಂದೇ ಬಾಯ್ಲರಿಗೆ ಹಾಕಿದೆ. ಇದನ್ನೂ ಓದಿ ಹರಿದುಹಾಕು.