ಸೀಮೆಸುಣ್ಣದ ಹೆಸರು

ರಿಯೊನೆರೊ, ನವೆಂಬರ್ ೯

ಪ್ರೀತಿಯ ಅಪ್ಪನಿಗೆ,

ಮದುವೆಯಾಗಿ ಬಂದ ವರ್ಷ, ನಮ್ಮ ಮಂದೂರಿಯಾದ ರೂಢಿಯಂತೆ ಆಗಸ್ಟಿನಲ್ಲೇ ಕತ್ತರಿ ಹಿಡಿದು ಇಲ್ಲಿನ ಅಲ್ಯಾನಿಕೊ ದ್ರಾಕ್ಷಿತೋಟಕ್ಕೆ ಇಳಿದಿದ್ದೆ. "ಏನವಸರ ಮಾರಾಯ್ತಿ! ಚಳಿ ಕಚ್ಚೋವರೆಗೂ ಇದು ಮಾಗಲ್ಲ, ಬಾಯೇ ಬಿಡಲ್ಲ, ಥೇಟ್ ನಿನ್ನ ಗಂಡನ ಹಾಗೆ," ಎಂದು ಅತ್ತೆ ನಕ್ಕಿದ್ದರು.

ಎಂಟು ವರ್ಷವಾಯಿತು. ಈ ಕರಿ ಹಣ್ಣಿನ ಹಠ ಈಗ ನನಗೂ ಇಷ್ಟ. ನಿನ್ನೆ ಬೆರಳು ಮರಗಟ್ಟುವ ಚಳಿಯಲ್ಲಿ ಕೊಯ್ದೆವು.

ಮದುವೆಯ ದಿನ ನೀವು ಈ ಹಣ್ಣಿನ ವೈನ್ ಒಂದೇ ಗುಟುಕು ಕುಡಿದು, "ಅಳಿಯನಷ್ಟೇ ಒರಟು" ಎಂದು ಲೋಟ ಕುಕ್ಕಿ ಹೊರಟುಬಿಟ್ಟಿರಿ. ನಿಮ್ಮ ಅಳಿಯ ಕಾನಿಯೊ ಅದೇ ವೈನಿನ ಒಂದು ಬಾಟಲಿಯ ಮೇಲೆ ಸೀಮೆಸುಣ್ಣದಲ್ಲಿ ನಿಮ್ಮ ಹೆಸರು ಬರೆದು ನೆಲಮಾಳಿಗೆಯಲ್ಲಿಟ್ಟ. ಅದರ ಜೊತೆಯ ಇನ್ನೊಂದು ಬಾಟಲಿಯನ್ನು ಮೊನ್ನೆ ತೆರೆದೆವು, ಒರಟೆಲ್ಲ ರೇಷ್ಮೆಯಾಗಿದೆ.

ಕ್ರಿಸ್‌ಮಸ್ಸಿಗೆ ಬನ್ನಿ, ನನ್ನ ಉಣ್ಣೆಯ ಕೈಗವಸು ತನ್ನಿ. ನೆಲಮಾಳಿಗೆಯ ತೇವಕ್ಕೆ ನಿಮ್ಮ ಹೆಸರು ಅಳಿಸಿಹೋಗುತ್ತದೆ. ಕಾನಿಯೊ ಪ್ರತಿ ಕೊಯ್ಲಿಗೂ ಮತ್ತೆ ಬರೆಯುತ್ತಾನೆ.

ನಿಮ್ಮ
ಕೊಸಿಮಾ